ಒಂದೇ ಫೈಲಿನ ಎರಡು ಹಾಳೆ

ಕಳೆದ ವಾರ ನಮ್ಮ ಸೊಸೈಟಿಯ ಆಫೀಸನ್ನು ಖಾಲಿ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಹಡಪಸರದ ಈ ನಾಲ್ಕು ಅಂತಸ್ತಿನ ಕಟ್ಟಡಕ್ಕೆ ವಯಸ್ಸಾಯಿತಂತೆ, ಕೆಡವಿ ಹನ್ನೆರಡು ಅಂತಸ್ತು ಏರಿಸುತ್ತಾರಂತೆ. ಅಷ್ಟರೊಳಗೆ ಯಾವ ಕಾಗದ ಇಡಬೇಕು, ಯಾವುದನ್ನು ರದ್ದಿಗೆ ಹಾಕಬೇಕು ಎಂದು ಯಾರಾದರೂ ನೋಡಬೇಕಲ್ಲ. ದೇಹೂ ರೋಡಿನ ಸೈನ್ಯದ ಡಿಪೋ ಒಂದರಲ್ಲಿ ಮೂವತ್ನಾಲ್ಕು ವರ್ಷ ರೆಕಾರ್ಡ್ ಸೆಕ್ಷನ್ನಿನ ಗುಮಾಸ್ತೆಯಾಗಿದ್ದವಳು ಇಲ್ಲಿ ನಾನೊಬ್ಬಳೇ. ‘ಹೇ ತುಮಚಂಚ ಕಾಮ ಆಹೇ ಮೌಶೀ’, ಇದು ನಿಮ್ಮದೇ ಕೆಲಸ ಎಂದು ಚೇರ್ಮನ್ ದೇಶಮುಖ ಕಾಕಾ ಕಪಾಟಿನ ಬೀಗದಕೈ ಕೊಟ್ಟು ಹೋದರು.

ಕಪಾಟು ತೆಗೆದ ಕೂಡಲೇ ಆ ವಾಸನೆ ಬಂತು. ಮಳೆಗಾಲದ ಥಂಡಿ ಕುಡಿದು ಒಣಗಿದ ಕಾಗದ, ತುಕ್ಕು ಹಿಡಿದ ಟ್ಯಾಗು, ಎಂದೋ ಇಟ್ಟ ಡಾಂಬರು ಗುಳಿಗೆ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಈ ವಾಸನೆ ನನಗೆ ತವರುಮನೆಯದು. ಖುಷಿಯಿಂದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ನೀರಿನ ಪಂಪಿನ ಬಿಲ್ಲು, ಬಣ್ಣದವನ ಕೊಟೇಶನ್ನು, ಗಣಪತಿ ಹಬ್ಬದ ಪಾವತಿ ಎಲ್ಲ ಕಳೆದು ಕೊನೆಯಲ್ಲಿ ತಿಳಿಹಸಿರು ಬಣ್ಣದ ಒಂದು ಫೈಲು ಕೈಗೆ ಸಿಕ್ಕಿತು. ಮೇಲೆ ಮರಾಠಿಯಲ್ಲಿ ‘ಪರದೇಶೀ ಭಾಡೇಕರೂ’ ಎಂದು ಬರೆದಿತ್ತು. ಪರದೇಶದ ಬಾಡಿಗೆದಾರರು. ಒಳಗೆ ಎರಡೇ ಹಾಳೆ. ಒಂದು ಟಾಂಜಾನಿಯಾದ ಪಾಸ್‌ಪೋರ್ಟಿನ ನಕಲು. ಇನ್ನೊಂದು ನಮ್ಮ ಹಳಿಯಾಳದ ತಹಶೀಲ್ದಾರರ ಸಹಿಯ ಜಾತಿ ಪ್ರಮಾಣಪತ್ರದ ನಕಲು. ಅದರ ಅಂಚಿನಲ್ಲಿ ‘ಮೂಲ ಪ್ರತಿಯೊಂದಿಗೆ ತಾಳೆ ನೋಡಿದೆ’ ಎಂಬ ದುಂಡಗಿನ ಅಕ್ಷರ ನನ್ನದೇ. ಉಳಿದ ಕಾಗದಗಳನ್ನು ಬದಿಗೆ ಸರಿಸಿ ಆ ಫೈಲನ್ನು ತೊಡೆಯ ಮೇಲಿಟ್ಟುಕೊಂಡೆ.

ನಾಲ್ಕು ಮಳೆಗಾಲದ ಹಿಂದಿನ ಮಾತು. ನನ್ನ ನೌಕರಿಯ ಕೊನೆಯ ವರ್ಷ ಅದು. ಅದೇ ಬೇಸಿಗೆಯಲ್ಲಿ ನನ್ನ ಅಕ್ಕ ತೀರಿಕೊಂಡಿದ್ದಳು. ನಾವಿಬ್ಬರೂ ಮದುವೆಯಾಗಲಿಲ್ಲ. ಧಾರವಾಡದಿಂದ ಅಪ್ಪನ ಬೆನ್ನು ಹಿಡಿದು ಪುಣೆಗೆ ಬಂದವರು ಇಲ್ಲೇ ಉಳಿದೆವು. ನನ್ನ ಮದುವೆ ಆಗದ್ದಕ್ಕೆ ಕಾರಣ ಸರಳ. ನನ್ನ ಬಣ್ಣ. ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ‘ಹುಡುಗಿ ಶಾಣ್ಯಾ ಇದ್ದಾಳ, ಆದ್ರ’ ಎಂದು ವಾಕ್ಯವನ್ನು ಅಲ್ಲಿಗೇ ಬಿಟ್ಟು ಏಳುತ್ತಿದ್ದರು. ಸೋದರತ್ತೆ ನನ್ನನ್ನು ಇಂದುಮತಿ ಎಂದು ಕರೆದದ್ದೇ ಇಲ್ಲ, ‘ಕರೆವ್ವ’ ಎನ್ನುತ್ತಿದ್ದಳು. ಅದನ್ನೆಲ್ಲ ನಾನು ಎಂದೋ ಹೊಟ್ಟೆಯೊಳಗೆ ಹಾಕಿಕೊಂಡು ಅರಗಿಸಿಕೊಂಡಿದ್ದೇನೆ ಎಂದುಕೊಂಡಿದ್ದೆ.

ಅಕ್ಕನಿಗೆ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಹತ್ತಿರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಲ್ಲಿ ಮಶೀನು ನೋಡಿಕೊಳ್ಳುವ ಹುಡುಗಿಯೇ ಸುಮಿತ್ರಾ ಸಿದ್ದಿ. ಗುಂಗುರು ಕೂದಲು, ಎತ್ತರದ ಆಳು, ನನಗಿಂತ ಒಂದು ಪಟ್ಟು ಹೆಚ್ಚು ಕಪ್ಪು. ಅಕ್ಕ ಮೊದಲ ದಿನ ಅವಳನ್ನು ನೋಡಿ ನನ್ನ ಕಿವಿಯಲ್ಲಿ, ‘ಈ ಪರದೇಶದಾಕಿಗೆ ಸೂಜಿ ಚುಚ್ಚಲಿಕ್ಕೆ ಬರತದೇನ ಇಂದೂ?’ ಎಂದಳು. ಹುಡುಗಿ ತಿರುಗಿ, ‘ಬರತದ್ರಿ ಅಜ್ಜಿ, ಕೈ ಸಡಲ್ ಬಿಡ್ರಿ’ ಎಂದಳು. ಅಕ್ಕ ನಾಚಿಕೆಯಿಂದ ಅತ್ತಳೋ, ಆಸ್ಪತ್ರೆಯಲ್ಲಿ ಕನ್ನಡ ಕೇಳಿ ಅತ್ತಳೋ, ಅಂತೂ ಅತ್ತಳು. ಆಮೇಲೆ ಬೇರೆ ಯಾರ ಕೈಯಿಂದಲೂ ಸೂಜಿ ಚುಚ್ಚಿಸಿಕೊಳ್ಳಲಿಲ್ಲ. ಅವಳು ಹೋದ ಮೇಲೆ ಅವಳ ಕೋಣೆಯ ಬಾಗಿಲು ತೆಗೆಯಲು ನನಗೆ ಕೈ ಬರುತ್ತಿರಲಿಲ್ಲ. ಸುಮಿತ್ರಾಳ ಹಾಸ್ಟೆಲ್ಲು ಸೋರುತ್ತದೆ ಎಂದು ಕೇಳಿ ನಾನೇ ಹೋಗಿ ಕರೆದೆ. ಜೂನ್ ತಿಂಗಳ ಮೊದಲ ಮಳೆಯಲ್ಲಿ ಒಂದು ಟ್ರಂಕು ಹಿಡಿದುಕೊಂಡು ಬಂದಳು.

ಹಳಿಯಾಳದ ಆಚೆ ಕಾಡಂಚಿನ ಸಣ್ಣ ಊರು ಅವಳದು. ಸಿದ್ದಿಗಳು ಅಂದರೆ ಯಾರು ಎಂದು ಧಾರವಾಡದ ಕಡೆಯವರಿಗೆ ಹೇಳಬೇಕಾಗಿಲ್ಲ, ಸಂತೆಯಲ್ಲಿ ನೋಡಿರುತ್ತೇವೆ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಹಿಡಿದು ತಂದವರ ಸಂತಾನ. ಒಡೆಯರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿ ಅಲ್ಲಿಯವರೇ ಆದವರು. ಆದರೆ ಪುಣೆಯಲ್ಲಿ ಇದು ಯಾರಿಗೆ ಗೊತ್ತು? ಸೊಸೈಟಿಯ ಗೇಟಿನಲ್ಲಿ ವಾಚಮನ್ ಗಾಯಕವಾಡ ಒಂದು ರಜಿಸ್ಟರ್ ಇಟ್ಟುಕೊಂಡು ಕೂತಿರುತ್ತಾನೆ. ಹೆಸರು, ಫ್ಲ್ಯಾಟ್ ನಂಬರು, ಎಲ್ಲಿಂದ, ಸಹಿ. ಅಲ್ಲೇ ಇರುವವರು ಬರೆಯಬೇಕಾಗಿಲ್ಲ. ಸುಮಿತ್ರಾಳಿಂದ ಮಾತ್ರ ದಿನಾ ಬರೆಸುತ್ತಿದ್ದ. ‘ಎಲ್ಲಿಂದ’ ಎಂಬ ಕಾಲಮ್ಮನ್ನು ಅವಳು ಬರೆಯುವ ಮೊದಲೇ ತಾನೇ ತುಂಬಿ ಇಡುತ್ತಿದ್ದ. ಆಫ್ರಿಕಾ. ಅವಳು ಅದನ್ನು ಹೊಡೆದು ಹಳಿಯಾಳ ಎಂದು ಬರೆಯುತ್ತಿದ್ದಳು. ಮರುದಿನ ಮತ್ತೆ ಆಫ್ರಿಕಾ.

ದೇಶಮುಖ ಕಾಕಾ ಒಂದು ದಿನ ಮೆಟ್ಟಿಲಲ್ಲಿ ನಮ್ಮಿಬ್ಬರನ್ನು ತಡೆದು, ಅವಳನ್ನು ಬಿಟ್ಟು ನನ್ನನ್ನೇ ಕೇಳಿದರು. ‘ಹಿಲಾ ಇಂಗ್ಲಿಷ್ ಯೇತೆ ಕಾ?’ ಇವಳಿಗೆ ಇಂಗ್ಲಿಷ್ ಬರುತ್ತದೆಯೇ?

‘ಮರಾಠೀ ಯೇತೆ ಕಾಕಾ, ಬೋಲಾ’, ಮರಾಠಿ ಬರುತ್ತದೆ, ಹೇಳಿ ಎಂದಳು ಸುಮಿತ್ರಾ. ಹಳಿಯಾಳದ ಮರಾಠಿ ಅವಳಿಗೆ ಮನೆಮಾತಿನಷ್ಟೇ ಸಲೀಸು. ಕಾಕಾ ಆ ದಿನ ಏನು ಕೇಳಬೇಕೆಂದಿದ್ದರೋ ಮರೆತು ಕೆಳಗಿಳಿದರು. ನಾವು ಮನೆ ಸೇರಿ ಬಾಗಿಲು ಹಾಕಿಕೊಂಡು ನಕ್ಕೆವು. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅಂದೇ.

ನೇಮಾ ಬಂದದ್ದು ಜುಲೈನಲ್ಲಿ. ಟಾಂಜಾನಿಯಾದ ಹುಡುಗಿ, ಫಾರ್ಮಸಿ ಓದಲು ಬಂದವಳು, ನಮ್ಮ ಸೊಸೈಟಿಯ ಬಿ ವಿಂಗಿನ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಗಿದ್ದಳು. ಹಡಪಸರದ ಬಸ್‌ಸ್ಟ್ಯಾಂಡಿನಲ್ಲಿ ಸುಮಿತ್ರಾಳನ್ನು ನೋಡಿ ಸಂತೋಷದಿಂದ ಓಡಿಬಂದು ತನ್ನ ಭಾಷೆಯಲ್ಲಿ ಮಾತಾಡಿಸಿದಳಂತೆ. ಇವಳು ಹಿಂದಿಯಲ್ಲಿ ತಿಳಿಯಲಿಲ್ಲ ಎಂದಾಗ, ಬೇಕೆಂದೇ ತನ್ನವರನ್ನು ಗುರುತಿಸದ ನಾಟಕ ಎಂದು ಅವಳಿಗೆ ಸಿಟ್ಟು. ಬಸ್ಸಿನ ದಾರಿಯುದ್ದಕ್ಕೂ ಮುಖ ತಿರುಗಿಸಿ ನಿಂತವರು ಒಂದೇ ಗೇಟಿನ ಮುಂದೆ ಇಳಿದರು. ಗಾಯಕವಾಡ ಇಬ್ಬರ ಮುಂದೆಯೂ ರಜಿಸ್ಟರ್ ಹಿಡಿದ. ಇಬ್ಬರ ಕಾಲಮ್ಮಿನಲ್ಲೂ ಒಂದೇ ಶಬ್ದ. ಅಲ್ಲಿಂದ ಅವರ ಗೆಳೆತನ ಶುರುವಾಯಿತು.

ಆ ಮಳೆಗಾಲದ ಐತವಾರಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಹೊರಗೆ ಸಣ್ಣಗೆ ಹಿಡಿದ ಮಳೆ, ಒಣಗದ ಬಟ್ಟೆ, ಗ್ಯಾಲರಿಯಲ್ಲಿ ಚಾಪೆ. ನಾನು ಥಾಲಿಪೀಠ ತಟ್ಟುವುದು, ಅವರು ತಿನ್ನುವುದು, ವಾದ ಮಾಡುವುದು. ಒಂದೊಂದು ಸಲ ಆಸ್ಪತ್ರೆಯ ನರ್ಸ್ ಸವಿತಾ ಬರುತ್ತಿದ್ದಳು. ನಂದುರಬಾರದ ಕಡೆಯ ಭಿಲ್ಲರ ಹುಡುಗಿ, ನೇರ ಮಾತಿನವಳು. ನೇಮಾ ಇಂಗ್ಲಿಷಿನಲ್ಲಿ, ಸವಿತಾ ಮರಾಠಿಯಲ್ಲಿ, ಸುಮಿತ್ರಾ ಎರಡರಲ್ಲೂ, ನನ್ನೊಡನೆ ಕನ್ನಡದಲ್ಲಿ. ನಾನು ನಡುವೆ ನಡುವೆ ಮೂಗು ತೂರಿಸುತ್ತಿದ್ದೆ.

ಶ್ರಾವಣದ ಒಂದು ಐತವಾರ ನೇಮಾ ಹೇಳಿದಳು. ‘ನಿನ್ನ ಹಿರಿಯರನ್ನು ನಮ್ಮ ಕರಾವಳಿಯಿಂದಲೇ ಒಯ್ದಿರಬೇಕು. ನೀನು ಕಪ್ಪು ಜನ. ಎಲ್ಲಿದ್ದರೂ ನಾವು ಒಂದೇ. ಒಮ್ಮೆ ಬಂದು ನೋಡು, ನಿನಗೇ ಗೊತ್ತಾಗುತ್ತದೆ.’

ಸುಮಿತ್ರಾ ಥಾಲಿಪೀಠದ ತುಂಡೊಂದನ್ನು ಮುರಿದಳು. ‘ನಮ್ಮಜ್ಜಿಗೆ ಹಡಗ ಗೊತ್ತಿಲ್ಲ. ಅಡವಿ ಗೊತ್ತದ. ಯಾವ ಗಿಡದ ಬೇರು ಯಾವ ಜ್ವರಕ್ಕ ಅಂತ ಗೊತ್ತದ. ಹಿರಿಯರಿಗೆ ಅಂತ ತೆಂಗಿನಕಾಯಿ ಇಟ್ಟು ಪೂಜಾ ಮಾಡ್ತಾಳ. ಆ ಹಿರಿಯರು ಯಾವೂರವರು ಅಂದ್ರ ಈ ಅಡವಿಯವರು ಅಂತಾಳ. ನಾ ಬಂದು ನಿಮ್ಮೂರು ನೋಡ್ಲಿ ಅಂತೀ. ನಾ ಅಲ್ಲಿ ಏನು ಹುಡಕ್ಲಿ?’ ಎಂದಳು. ನನಗೆ ಕನ್ನಡದಲ್ಲಿ ಹೇಳಿ, ಆಮೇಲೆ ಅವರಿಗೆ ಮರಾಠಿಯಲ್ಲೂ ಮುರುಕು ಇಂಗ್ಲಿಷಿನಲ್ಲೂ ಹೇಳಿದಳು.

ಸವಿತಾ ಮೊಸರು ಬೆರಳಿಂದ ನೆಕ್ಕುತ್ತಾ ತನ್ನ ಮರಾಠಿಯಲ್ಲಿ ಕೇಳಿದಳು. ಸಿಟ್ಟು ಮಾಡಿಕೊಳ್ಳಬೇಡ, ಆದರೆ ಆದಿವಾಸಿ ಅಂದರೆ ಮೊದಲಿನಿಂದ ಇಲ್ಲಿದ್ದವರು. ನೀವು ಹಡಗಿನಲ್ಲಿ ಬಂದವರು. ನೀವು ಹೇಗೆ ನಮ್ಮ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ?

ನಾನು ಕಾವಲಿಯ ಮೇಲಿನದು ಸೀದುಹೋಗುವಷ್ಟು ಹೊತ್ತು ಕೈ ಬಿಟ್ಟು ಕೂತೆ. ಜಗಳವಾಗುತ್ತದೆ ಎಂದುಕೊಂಡೆ. ಸುಮಿತ್ರಾ ನಕ್ಕಳು. ‘ನಾ ಹುಟ್ಟಿದಾಗ ನಾವು ಯಾವ ಪಟ್ಟ್ಯಾಗೂ ಇರಲಿಲ್ಲ. ಸಣ್ಣಾಕಿ ಇದ್ದಾಗ ಪಟ್ಟ್ಯಾಗ ಬಂದ್ವಿ. ಅಡವ್ಯಾಗ ಅದಕೂ ಮೊದಲ ಇದ್ವಿ. ಈಗ ನಿಪ್ಪಾಣಿ ದಾಟಿ ಮಹಾರಾಷ್ಟ್ರಕ್ಕ ಬಂದ ಕೂಡ್ಲೆ ನನ್ನ ಕಾಗದ ನಡಿಯೂದಿಲ್ಲ, ಮತ್ತ ಆದಿವಾಸಿ ಅಲ್ಲ. ಹಿಂಗ ಕಾಗದ ಹೇಳಿದಂಗ ನಾ ಏನೇನ ಆಗ್ಲಿ? ನಮ್ಮವರು ಓಡಿಬಂದಾಗ ಅಡವಿ ನೀ ಮೊದಲ ಬಂದ್ಯೋ ಆಮ್ಯಾಲ ಬಂದ್ಯೋ ಅಂತ ಕೇಳ್ಲಿಲ್ಲ. ಅಲ್ಲಿದ್ದ ಕುಣಬೇರು, ಗೌಳ್ಯಾರು ಕೇಳ್ಲಿಲ್ಲ. ಜಾಗಾ ಕೊಟ್ರು. ಕಡೀಕ ಸರ್ಕಾರದವರು ಅಡವಿಯಿಂದ ಎಬ್ಬಸ್ಲಿಕ್ಕೆ ಬಂದಾಗ ಅವರನ್ನೂ ನಮ್ಮನ್ನೂ ಕೂಡೇ ಎಬ್ಬಸಿದ್ರು.’

ಸವಿತಾ ಇದನ್ನು ಕೇಳಿ ತಟ್ಟೆ ಕೆಳಗಿಟ್ಟಳು. ಅವಳ ಅಪ್ಪನ ಊರೂ ಅಣೆಕಟ್ಟಿನ ನೀರಿನಲ್ಲಿ ಹೋಗಿತ್ತು ಎಂದು ಅಂದೇ ನನಗೆ ಗೊತ್ತಾದದ್ದು.

ನೇಮಾ ಇನ್ನೊಂದು ಮಾತು ಹೇಳಿದಳು, ಅದನ್ನು ನಾನು ಇಂದಿಗೂ ಯೋಚಿಸುತ್ತೇನೆ. ‘ನನ್ನ ಊರಿನಲ್ಲಿ ಯಾರೂ ನನ್ನನ್ನು ಕಪ್ಪು ಎನ್ನುವುದಿಲ್ಲ. ಎಲ್ಲರೂ ಕಪ್ಪು ಇದ್ದ ಮೇಲೆ ಆ ಶಬ್ದದ ಕೆಲಸವೇನು? ಅಲ್ಲಿ ನಾನು ಗೋಗೋ ಎಂಬ ಜನದವಳು. ನಮ್ಮಾಚೆ ಬೇಟೆಯಾಡಿ ಬದುಕುವ ಜನ ಇದ್ದಾರೆ, ನಮಗಿಂತ ಹಳಬರು. ನನ್ನ ತಾತ ಅವರನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಅವರ ಬಣ್ಣವೂ ನನ್ನದೇ. ಕಪ್ಪು ಜನ ಎಲ್ಲ ಒಂದೇ ಎಂದು ನಾನು ಇಲ್ಲಿಗೆ ಬಂದ ಮೇಲೆ ಹೇಳಲು ಕಲಿತೆ, ಯಾಕೆಂದರೆ ಇಲ್ಲಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ.’ ಹಾಗೆಂದು ನನ್ನ ಕಡೆ ತಿರುಗಿ ಕೇಳಿದಳು. ‘ಮೌಶಿ, ನೀವೂ ಕಪ್ಪು. ನೀವು ಏನು?’

ನಾನು ನಕ್ಕುಬಿಟ್ಟೆ. ‘ನಾ ಧಾರವಾಡದಾಕಿ ಅದೀನಿ ತಂಗಿ, ಬಿಸಲಿಗೆ ಹಿಂಗಾಗೀನಿ’ ಎಂದೆ. ಸುಮಿತ್ರಾ ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತಳು. ಐವತ್ತೊಂಬತ್ತು ವರ್ಷ ಆ ಬಣ್ಣದಿಂದ ಪೆಟ್ಟು ತಿಂದವಳು ನಾನು, ಆದರೂ ಆ ಚಾಪೆಯ ಮೇಲೆ ನನ್ನನ್ನೂ ಅವರೊಳಗೆ ಎಣಿಸಿದ ಕೂಡಲೇ ಬಿಸಿಲಿನ ನೆಪ ಹೇಳಿ ಎದ್ದಿದ್ದೆ.

ಈಗ ಆ ಕಾಗದದ ಕಥೆಗೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ಮುಂದಿನ ಕೋರ್ಸಿಗೆ ಅರ್ಜಿ ಹಾಕಲು ಸುಮಿತ್ರಾ ತನ್ನ ಜಾತಿ ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟಿದ್ದಳು, ನಮ್ಮ ಡಿಪೋದ ಸಾಹೇಬರಿಂದ ನಕಲಿಗೆ ಸಹಿ ಮಾಡಿಸಿ ತರಲಿಕ್ಕೆ. ಅವಳು ಎರಡು ಪ್ರತಿ ಕೇಳಿದ್ದಳು. ನಾನು ಮೂರು ಮಾಡಿಸಿದೆ. ಇದು ನನ್ನ ಚಾಳಿ, ಒಂದು ಪ್ರತಿ ಯಾವಾಗಲೂ ಜಾಸ್ತಿ ಇರಬೇಕು. ಹಾಗೆಯೇ ನಾನು ಯಾವ ಫಾರ್ಮಿನಲ್ಲೂ ಒಂದು ಕಾಲಂ ಖಾಲಿ ಬಿಟ್ಟವಳಲ್ಲ. ತುಂಬಲು ಏನೂ ಇಲ್ಲದಿದ್ದರೆ ಒಂದು ಅಡ್ಡಗೆರೆಯನ್ನಾದರೂ ಎಳೆಯಬೇಕು, ಇಲ್ಲದಿದ್ದರೆ ನಾಳೆ ಯಾರೋ ಏನೋ ಬರೆದುಬಿಡುತ್ತಾರೆ. ಸರಿಯಾದ ಕಾಗದ ಸರಿಯಾದ ಜಾಗದಲ್ಲಿದ್ದರೆ ಮನುಷ್ಯನಿಗೆ ಅನ್ಯಾಯವಾಗುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಲೋಕಲ್ ಟ್ರೇನಿನಲ್ಲಿ ದೇಹೂ ರೋಡಿಗೆ ನಿಂತು ಹೋಗಿ ನಿಂತು ಬಂದ ಅಷ್ಟು ವರ್ಷ ನಾನು ಅದರ ಮೇಲೆಯೇ ಬದುಕಿದ್ದೆ.

ಗಣಪತಿ ಹಬ್ಬಕ್ಕೆ ಮುಂಚೆ ಸೊಸೈಟಿಯ ಬೋರ್ಡಿನ ಮೇಲೆ ಒಂದು ನೋಟೀಸು ಬಂತು. ಕಟ್ಟಡದಲ್ಲಿ ‘ಇಬ್ಬರು ಆಫ್ರಿಕನ್ ಹೆಣ್ಣುಮಕ್ಕಳ’ ಬಗ್ಗೆ ಸದಸ್ಯರು ಕೇಳುತ್ತಿದ್ದಾರೆ, ಎಂಟು ದಿನದಲ್ಲಿ ಪಾಸ್‌ಪೋರ್ಟು, ಪೊಲೀಸರ ಕಾಗದ ಎಲ್ಲ ತೋರಿಸಬೇಕು, ಇಲ್ಲದಿದ್ದರೆ ಜಾಗ ಬಿಡಿಸಬೇಕಾಗುತ್ತದೆ ಎಂದು. ನಾನು ಸಿಟ್ಟಿನಿಂದ ಕಾಕಾನ ಮನೆಗೆ ಹೋದೆ. ಸುಮಿತ್ರಾಳ ಆಧಾರ್ ಕಾರ್ಡು ಬಾಡಿಗೆ ಕರಾರಿನ ಜತೆ ಕೊಟ್ಟೇ ಇದ್ದೆನಲ್ಲ ಎಂದೆ. ಅವರು ಚಹಾ ಕೊಟ್ಟು, ಆಧಾರ್ ಯಾರು ಬೇಕಾದರೂ ಮಾಡಿಸುತ್ತಾರೆ ಮೌಶಿ, ಜನ ಒಪ್ಪುವುದಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ. ಅಕ್ಕನನ್ನು ಆಸ್ಪತ್ರೆಗೆ ಒಯ್ಯಲು ಎಷ್ಟೋ ಸಲ ತಮ್ಮ ಕಾರು ಕೊಟ್ಟಿದ್ದರು.

ಮನೆಗೆ ಬಂದು ಸುಮಿತ್ರಾಳಿಗೆ, ‘ನಿನ್ನ ಸರ್ಟಿಫಿಕೇಟ್ ತೋರ್ಸಿಬಿಡೂಣು. ಸಿದ್ದಿ, ಪರಿಶಿಷ್ಟ ಪಂಗಡ ಅಂತ ಸರ್ಕಾರನ ಬರದು ಕೊಟ್ಟದ. ಬಾಯಿ ಮುಚ್ತಾರ’ ಎಂದೆ.

‘ಬ್ಯಾಡ್ರಿ ಮೌಶಿ’ ಎಂದಳು.

‘ಯಾಕ?’

‘ಅದು ನನ್ನ ಓದಿಗೆ ಕೊಟ್ಟ ಕಾಗದ. ಮನ್ಯಾಗ ಇರ್ಲಿಕ್ಕೆ ಅಲ್ಲ. ಕೆಳಗ ಬಾಡಿಗಿಗೆ ಸಾತಾರದ ಹುಡುಗ್ರು ಅದಾರಲ್ಲ, ಅವರ ಜಾತಿ ಸರ್ಟಿಫಿಕೇಟ್ ಯಾರರೆ ಕೇಳಿದ್ರೇನ್ರಿ? ಕೇಳ್ಲಿ. ಅವರು ಕೊಟ್ಟ ಮ್ಯಾಲ ನಾನೂ ಕೊಡ್ತೀನಿ. ನೀವು ತೋರ್ಸೂದಿಲ್ಲ ಅಂತ ಮಾತು ಕೊಡ್ರಿ.’

ಮಾತು ಕೊಟ್ಟೆ. ಕೊಡುವಾಗ ಮನಸ್ಸಿನಿಂದಲೇ ಕೊಟ್ಟೆ.

ಆದರೆ ಎಂಟು ದಿನ ಕಳೆಯುತ್ತಾ ಬಂದಂತೆ ನನಗೆ ಅಕ್ಕನ ಕೋಣೆ ಕಣ್ಣ ಮುಂದೆ ಬರತೊಡಗಿತು. ಮುಚ್ಚಿದ ಬಾಗಿಲು, ಒಂದೇ ತಟ್ಟೆ, ಒಂದೇ ಲೋಟ. ಡಿಸೆಂಬರಿಗೆ ನಿವೃತ್ತಿ ಬೇರೆ. ಇವಳೂ ಹೋದರೆ ನಾನು ಆ ಮನೆಯಲ್ಲಿ ಯಾರೊಡನೆ ಕನ್ನಡ ಆಡಲಿ? ಅವಳ ಒಳ್ಳೆಯದಕ್ಕೆ ಮಾಡಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜವಾಗಿ ಹೆದರಿದ್ದು ನನಗಾಗಿ.

ಸಭೆ ನಡೆದದ್ದು ಗಣಪತಿಯ ಮಂಟಪದಲ್ಲೇ, ಸಂಜೆಯ ಆರತಿ ಮುಗಿದ ಮೇಲೆ. ಸುಮಿತ್ರಾ ಆಸ್ಪತ್ರೆಯಲ್ಲಿದ್ದಳು. ನೇಮಾಳನ್ನು ಯಾರೂ ಕರೆದಿರಲಿಲ್ಲ, ಅವಳು ಕೊಟ್ಟ ಪಾಸ್‌ಪೋರ್ಟಿನ ನಕಲು ಮಾತ್ರ ಟೇಬಲ್ಲಿನ ಮೇಲಿತ್ತು. ನಾನು ಎದ್ದು ನಿಂತು ಬ್ಯಾಗಿನಿಂದ ಆ ಮೂರನೆಯ ಪ್ರತಿ ತೆಗೆದೆ. ಪುಣೆಗೆ ಬಂದು ನಲವತ್ತು ವರ್ಷವಾದರೂ ನನ್ನ ಮರಾಠಿಯನ್ನು ಅಲ್ಲಿಯವರು ನಗುತ್ತಲೇ ಕೇಳುತ್ತಾರೆ, ಹಿಂದಿನಿಂದ ‘ಕಾನಡೀ ಬಾಯಿ’ ಎನ್ನುತ್ತಾರೆ. ಅಂದು ಯಾರೂ ನಗಲಿಲ್ಲ. ‘ಹೀ ಆಫ್ರಿಕನ್ ನಾಹೀ. ಆದಿವಾಸೀ ಆಹೇ. ಆಪಲೀಚ ಆಹೇ’ ಎಂದೆ. ಆಫ್ರಿಕದವಳಲ್ಲ, ಆದಿವಾಸಿ, ನಮ್ಮವಳೇ. ಕಾಗದ ಕೈಯಿಂದ ಕೈಗೆ ಹೋಯಿತು. ಯಾರೋ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಬಂದು ನನಗೆ ಮೋದಕ ಕೊಟ್ಟು, ‘ಮೊದಲೇ ಹೇಳಬಾರದಿತ್ತೇ, ನಮ್ಮವರೇ ಅಂತ’ ಎಂದಳು. ಆ ‘ನಮ್ಮವರು’ ಎಂಬುದರಲ್ಲಿ ಸುಮಿತ್ರಾಳ ಜತೆ ನಾನೂ ಒಳಗೆ ಬಂದಂತೆ ನನಗೆ ಅನ್ನಿಸಿತು. ಹೇಳಲು ನಾಚಿಕೆಯಾಗುತ್ತದೆ, ಭಾಳ ಸಂತೋಷವಾಗಿತ್ತು.

ಆಮೇಲೆ ಕಾಕಾ, ‘ಹಾಗಾದರೆ ಉಳಿದದ್ದು ಒಬ್ಬಳದೇ ಪ್ರಶ್ನೆ’ ಎಂದರು.

ನೇಮಾಳ ಕಾಗದಗಳೆಲ್ಲ ಸರಿಯಾಗಿದ್ದವು. ವೀಸಾ, ಪೊಲೀಸ್ ನೋಂದಣಿ, ಕಾಲೇಜಿನ ಪತ್ರ, ಎಲ್ಲವನ್ನೂ ನಾನೇ ನೋಡಿ ಜೋಡಿಸಿಕೊಟ್ಟಿದ್ದೆ. ಒಂದು ಕಾಲಂ ಖಾಲಿ ಇರಲಿಲ್ಲ. ಅದನ್ನು ಎದ್ದು ನಿಂತು ಹೇಳಬಲ್ಲವಳು ಆ ಮಂಟಪದಲ್ಲಿ ನಾನೊಬ್ಬಳೇ ಇದ್ದೆ. ನನ್ನ ಬಾಯಲ್ಲಿ ಮೋದಕ ಇತ್ತು. ಮನೆಯ ಮಾಲೀಕರಿಗೆ ಹೇಳಿ ಹದಿನೈದು ದಿನದಲ್ಲಿ ಅವಳನ್ನು ಬಿಡಿಸುವುದು ಎಂದು ತೀರ್ಮಾನವಾಯಿತು. ನಾನು ಕೈ ಎತ್ತಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಸುಮಿತ್ರಾ ಮನೆಗೆ ಬರುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಅವಳ ಪ್ರಮಾಣಪತ್ರದ ಫೋಟೋ ಹಾಕಿ, ಗೊಂದಲ ಬಗೆಹರಿದಿದೆ, ಇವಳು ನಮ್ಮ ಆದಿವಾಸಿ ಎಂದು ಬರೆದಿದ್ದರಂತೆ. ಅವಳ ಅಪ್ಪನ ಹೆಸರು, ಊರು ಎಲ್ಲ ಅದರಲ್ಲಿತ್ತು. ಅದನ್ನು ನೇಮಾಳಿಗೆ ಯಾರೋ ಕಳಿಸಿ, ನೇಮಾ ಇವಳಿಗೆ ಕಳಿಸಿದ್ದಳು. ನಾನು ಬಾಗಿಲು ತೆಗೆದಾಗ ಅವಳು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಳು.

‘ಮಾತು ಕೊಟ್ಟಿದ್ರಿ’ ಎಂದಳು.

‘ನಿನ್ನ ಉಳಿಸ್ಕೋಬೇಕಾಗಿತ್ತು ಸುಮಿ.’

‘ನನ್ನ ಉಳಿಸ್ಕೊಳ್ಳಿಕ್ಕೆ ಆಕೀನ್ನ ಕೊಟ್ಟುಬಿಟ್ರಿ.’

ನಾನು ಏನೋ ಹೇಳಲು ಹೋದೆ. ಅವಳು ದನಿ ಏರಿಸದೆ ಮುಂದುವರಿದಳು. ‘ಆಫ್ರಿಕಾದಾಕಿ ಅಲ್ಲ ಅಂತ ಹೇಳಿದ್ರಂತ. ಹಂಗಂದ್ರ ಆಫ್ರಿಕಾದಾಕಿ ಆಗಿದ್ರ ಹೊರಗ ಹಾಕೂದು ಬರೋಬ್ಬರಿ ಅಂತಾತು. ನಮ್ಮ ಮಂದೀನ್ನ ಊರಾಗ ಬೈಯುವಾಗ ಆಫ್ರಿಕಾಕ್ಕ ಹೋಗ್ರಿ ಅಂತಾರ. ಆವಾಗ ನಾವೂ ಹಿಂಗ ಹೇಳ್ತಿದ್ವಿ, ನಾವು ಅವರಲ್ಲ, ನಾವು ಇಲ್ಲಿಯವರು ಅಂತ. ನೇಮಾ ಸಿಕ್ಕ ಮ್ಯಾಲ ನಾ ಅದನ್ನ ಬಿಟ್ಟಿದ್ದೆ ಮೌಶಿ. ನಾ ಆದಿವಾಸಿನೂ ಹೌದು, ನಾ ಆಕಿಯಂಥಾಕಿನೂ ಹೌದು. ಒಂದು ಆಗ್ಲಿಕ್ಕೆ ಇನ್ನೊಂದು ಅಲ್ಲ ಅನಬೇಕಾಗಿಲ್ಲ. ಅಷ್ಟ ತಿಳಕೊಳ್ಳಿಕ್ಕೆ ನನಗ ಈ ಮಳಿಗಾಲ ಹಿಡೀತು. ನೀವು ಒಂದು ಸಂಜಿಗೆ ಅದನ್ನ ಹರದ್ರಿ.’

ಆಮೇಲೆ ಒಳಗೆ ಬಂದು ಚಹಾ ಮಾಡಿದಳು. ನನಗೂ ಕೊಟ್ಟಳು. ಅದೇ ನನಗೆ ಹೆಚ್ಚು ಚುಚ್ಚಿತು, ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನ ತುಂಬಿದಾಗ ಒಂದೇ ಟೆಂಪೋದಲ್ಲಿ ಇಬ್ಬರ ಸಾಮಾನೂ ಹೋಯಿತು. ಖರಾಡಿಯ ಕಡೆ ಒಂದು ಕೋಣೆ ಸಿಕ್ಕಿತ್ತಂತೆ. ಸುಮಿತ್ರಾಳನ್ನು ಯಾರೂ ಬಿಡಿಸಿರಲಿಲ್ಲ, ಇರು ಎಂದೇ ಎಲ್ಲರೂ ಹೇಳಿದರು, ಕಾಕಾ ಕೂಡ. ಅವಳು ಅಕ್ಕನ ಕೋಣೆ ಗುಡಿಸಿ, ಒರೆಸಿ, ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು, ‘ನಿಮ್ಮ ಬಿ.ಪಿ. ಗುಳಿಗಿ ತಪ್ಪಸಬ್ಯಾಡ್ರಿ’ ಎಂದಳು. ನೇಮಾ ನನ್ನನ್ನು ಅಪ್ಪಿಕೊಂಡಳು. ಗೇಟಿನಲ್ಲಿ ಗಾಯಕವಾಡ ಎದ್ದು ನಿಂತು ಟೆಂಪೋಕ್ಕೆ ದಾರಿ ಬಿಟ್ಟ.

ಆ ವರ್ಷ ದಸರೆಯ ದಿನ ತಟ್ಟೆಯಲ್ಲಿ ಬನ್ನಿ ಎಲೆ ಇಟ್ಟುಕೊಂಡು ಕೂತೆ. ನಮ್ಮ ಕಡೆ ಎಂಥ ಜಗಳವಿದ್ದರೂ ಅಂದು ಬಂದು ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎನ್ನುವುದು ರೂಢಿ. ಸಂಜೆಯವರೆಗೆ ಕಾದೆ. ನಾನೇ ಖರಾಡಿಗೆ ಹೋಗಬಹುದಿತ್ತು, ಬಸ್ಸಿತ್ತು. ಕಿರಿಯರೇ ಬರಬೇಕು ಎಂದು ಕೂತೆ. ಆಮೇಲೆ ನಿವೃತ್ತಿಯಾಯಿತು, ಮತ್ತೆ ಮೂರು ದಸರೆ ಹೋದವು. ನೇಮಾ ಓದು ಮುಗಿಸಿ ತನ್ನ ದೇಶಕ್ಕೆ ಹೋದಳು ಎಂದು ಸವಿತಾ ಹೇಳಿದಳು. ಸುಮಿತ್ರಾ ಹುಬ್ಬಳ್ಳಿಯಲ್ಲಿ ಕೋರ್ಸು ಮುಗಿಸಿ ಮತ್ತೆ ಪುಣೆಗೇ ಬಂದಿದ್ದಾಳೆ ಎಂದೂ ಹೇಳಿದಳು. ನಂಬರು ಕೊಟ್ಟಳು. ಬರೆದುಕೊಂಡೆ, ಒತ್ತಲಿಲ್ಲ.

ಕಳೆದ ವಾರ ಆ ಹಸಿರು ಫೈಲು ತೊಡೆಯ ಮೇಲಿಟ್ಟುಕೊಂಡು ಒತ್ತಿದೆ.

‘ಹೇಳ್ರಿ ಮೌಶಿ’ ಎಂದಳು, ನಿನ್ನೆ ಮಾತಾಡಿದವಳಂತೆ. ನನ್ನ ನಂಬರು ಅಳಿಸಿರಲಿಲ್ಲ.

ಫೈಲು ಸಿಕ್ಕದ್ದು, ಮೇಲೆ ಬರೆದದ್ದು, ಒಳಗಿರುವುದು ಎಲ್ಲ ಹೇಳಿದೆ. ‘ನಿನ್ನ ಕಾಗದ ನಾ ಕೊಡಬಾರದಾಗಿತ್ತು. ನೇಮಾನ ಸಲುವಾಗಿ ಬಾಯಿ ತೆಗೀಬೇಕಾಗಿತ್ತು. ತಪ್ಪು ನಂದು’ ಎಂದೆ. ನಾಲ್ಕು ವರ್ಷದಿಂದ ಇದನ್ನು ಎಷ್ಟು ಥರ ಬರೆದು ಹೊಡೆದುಹಾಕಿದ್ದೆನೋ. ಹೇಳುವಾಗ ಇಷ್ಟೇ ಬಂತು.

‘ಇಬ್ಬರದೂ ಒಂದ ಫೈಲಿನ್ಯಾಗ ಅದಾವೇನ್ರಿ?’

‘ಹೂಂ. ಒಂದ ಟ್ಯಾಗಿಗೆ ಪೋಣಿಸ್ಯಾರ.’

ಅವಳು ನಕ್ಕಳು. ಆ ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ನಕ್ಕಿದ್ದೆವಲ್ಲ, ಅದೇ ನಗು. ‘ಹಂಗಾದ್ರ ಆ ಫೈಲ್ ಮಾಡಿದವರು ನಿಮಗಿಂತ ಬರೋಬ್ಬರಿ ತಿಳಕೊಂಡಾರ ಬಿಡ್ರಿ. ಹರೀಬ್ಯಾಡ್ರಿ, ಬಿಡಿಸಬ್ಯಾಡ್ರಿ. ಐತವಾರ ನಾನ ಬಂದು ಎರಡೂ ಒಯ್ತೀನಿ. ನೇಮಾಗ ಫೋಟೋ ಕಳಸ್ತೀನಿ, ಆಕೀನೂ ನಗ್ಲಿ.’

ಇವತ್ತು ಶನಿವಾರ. ಥಾಲಿಪೀಠದ ಹಿಟ್ಟು ಕಲಸಿಡುವ ಮೊದಲು ಕೆಳಗಿಳಿದು ಗೇಟ್‌ಗೆ ಹೋದೆ. ಗಾಯಕವಾಡನಿಗೂ ಈಗ ವಯಸ್ಸಾಗಿದೆ, ರಜಿಸ್ಟರ್ ಮಾತ್ರ ಹೊಸದು. ನಾಳೆ ಸುಮಿತ್ರಾ ಬರುತ್ತಾಳೆ ಎಂದೆ. ಅವನಿಗೆ ನೆನಪಿತ್ತು. ಮುಂಚಿತವಾಗಿ ಬರೆದಿಡಲು ಪೆನ್ನು ತೆಗೆದು ಹೆಸರು, ಫ್ಲ್ಯಾಟ್ ನಂಬರು ಬರೆದ. ಮುಂದಿನ ಕಾಲಮ್ಮಿನ ಮೇಲೆ ಪೆನ್ನು ಹಿಡಿದು ನನ್ನ ಮುಖ ನೋಡಿದ. ‘ಕುಠೂನ ಲಿಹೂ ಮೌಶೀ?’ ಎಲ್ಲಿಂದ ಎಂದು ಬರೆಯಲಿ?

ಒಂದು ಅಡ್ಡಗೆರೆಯನ್ನಾದರೂ ಎಳೆ ಎನ್ನಲು ನನ್ನ ಬಾಯಿ ತಾನಾಗಿ ತೆರೆಯಿತು. ನಾನು ಅವನ ಕೈಯಿಂದ ಪೆನ್ನು ತೆಗೆದು ರಜಿಸ್ಟರಿನ ಪುಟಗಳ ನಡುವೆ ಇಟ್ಟು ಮುಚ್ಚಿದೆ.

‘ಖಾಲಿ ಇರಲಿ’ ಎಂದೆ. ‘ಅವಳೇ ಬಂದು ಬರೆಯುತ್ತಾಳೆ.’